ಗಳಿಗೆ ಮುರಿಯದ ಸೀರೆ

ಟಿವಿಯಲ್ಲಿ ಒಂದು ಸೀರೆ ನೋಡಲೆಂದು ಹುನಗುಂದದಿಂದ ಇಳಕಲ್ಲಿಗೆ ಬೀಗರು ಬಂದು ಕೂತಿದ್ದರು ಎಂದರೆ ನಗಬೇಡಿ. ಬಂದದ್ದು ನಿಜ, ಅದೂ ಅಮೀನಗಡದ ಕರದಂಟಿನ ಡಬ್ಬಿ ಹಿಡಿದುಕೊಂಡು. ಗುರುಲಿಂಗವ್ವನ ಮಗಳು ಶಿವಗಂಗಾ ಹೊರದೇಶದ ದೊಡ್ಡ ಕ್ರೀಡಾಕೂಟಕ್ಕೆ ಸೈಕಲ್ ತುಳಿಯಲು ಹೋಗಿದ್ದಳು. ಆವತ್ತು ಅದರ ಸಮಾರೋಪ. ಕಡೇ ದಿನ ಎಲ್ಲ ದೇಶದ ಆಟಗಾರರೂ ಮೈದಾನದಲ್ಲಿ ಒಂದು ಸುತ್ತು ಬರುತ್ತಾರೆ, ಆಗ ನಮ್ಮ ಸೊಸೆಯಾಗುವವಳು ನಾವು ಕೊಟ್ಟ ಸೀರೆ ಉಟ್ಟು ಟಿವಿಯಲ್ಲಿ ಕಾಣುತ್ತಾಳೆ ಎಂದು ಹುಡುಗನ ತಾಯಿ ನೀಲಗಂಗವ್ವ ತನ್ನ ಓಣಿಗೆಲ್ಲ ಸಾರಿಬಿಟ್ಟಿದ್ದಳು. ತಾನು ಮಾತ್ರ ಆ ಹೊತ್ತಿಗೆ ಹುಡುಗಿಯ ತವರಿನಲ್ಲೇ ಕೂತು ನೋಡಬೇಕೆಂದು ಮಗ ಅನಿಲಕುಮಾರನನ್ನು ಕರೆದುಕೊಂಡು ಬಸ್ಸು ಹತ್ತಿದ್ದಳು.

ಆ ಸೀರೆ ಅಂತಿಂಥದ್ದಲ್ಲ. ನಿಶ್ಚಯದ ದಿನ ಶಿವಗಂಗಾಳ ಹಣೆಗೆ ಕುಂಕುಮ ಹಚ್ಚಿ, ಮಂದಿಗೆ ಸಕ್ಕರೆ ಹಂಚಿ, ನೀಲಗಂಗವ್ವ ಕೈಯಾರೆ ಕೊಟ್ಟದ್ದು. ಗುರುಲಿಂಗವ್ವನ ಪಕ್ಕದ ಮನೆಯ ಮುರ್ತುಜಸಾಬನಿಗೆ ಹೇಳಿ ಅವನ ಮಗ್ಗದ ಮೇಲೆ ಅದೊಂದನ್ನೇ ನೇಯಿಸಿದ್ದು. ಎಳೆ ಹಸಿರು ಒಡಲು, ಕೆಂಪಿನಲ್ಲಿ ಬಿಳಿ ತೆನೆ ಎದ್ದ ಸೆರಗು. ಇನ್ನು ಈ ಮನೆತನಗಳಲ್ಲಿ ಒಂದು ಪದ್ಧತಿಯಿದೆ. ಹುಡುಗನ ಮನೆಯವರು ಕೊಟ್ಟ ಸೀರೆಯ ಗಳಿಗೆಯನ್ನು, ಅಂದರೆ ಮಗ್ಗದಿಂದ ಇಳಿದಾಗಿನ ಮಡಿಕೆಯನ್ನು, ಆ ಹುಡುಗಿಯೇ ಮುರಿದು ಮೊದಲು ಉಡಬೇಕು. ಅದಕ್ಕೂ ಮುಂಚೆ ಅದು ಇನ್ನೊಬ್ಬಳ ಮೈಮೇಲೆ ಹೋದರೆ ಸಂಬಂಧವೇ ಅವಳ ಪಾಲಾಯಿತೆಂದು ಲೆಕ್ಕ. ಇದನ್ನು ಯಾರೂ ಬರೆದಿಟ್ಟಿಲ್ಲ, ಯಾರೂ ಮರೆತೂ ಇಲ್ಲ.

ಶಿವಗಂಗಾ ಹೊರದೇಶಕ್ಕೆ ಹೊರಟಾಗ ನೀಲಗಂಗವ್ವ ಫೋನು ಮಾಡಿ, ಆ ಸೀರೆ ಜೊತೆಗಿಟ್ಟುಕೊ, ಕಡೇ ದಿನ ಅಲ್ಲೇ ಗಳಿಗೆ ಮುರಿ, ನಾವೆಲ್ಲ ನೋಡುತ್ತೇವೆ ಎಂದಿದ್ದಳು. ಹುಡುಗಿ ಹೂಂರಿ ಎಂದಿದ್ದಳು. ಆಟಗಾರರಿಗೆ ಸರ್ಕಾರದವರು ಒಂದೇ ನಮೂನೆಯ ಕೋಟು ಪ್ಯಾಂಟು ಕೊಟ್ಟಿರುತ್ತಾರೆ, ಬೇಕಾದ್ದನ್ನು ಉಡುವ ಹಾಗಿಲ್ಲ ಎಂದು ಹೇಳಲು ಬಾಯಿ ಬರಲಿಲ್ಲವೋ, ಆಗ ಅವಳಿಗೇ ಗೊತ್ತಿರಲಿಲ್ಲವೋ, ಆ ಶಿವನೇ ಬಲ್ಲ.

ಈ ಸಂಬಂಧ ಗುರುಲಿಂಗವ್ವನಿಗೆ ಯಾಕೆ ಅಷ್ಟು ಬೇಕಾಗಿತ್ತು ಅನ್ನುವುದನ್ನೂ ಹೇಳಿಬಿಡಬೇಕು. ಹುಡುಗ ಕಾಲೇಜಿನಲ್ಲಿ ಪಾಠ ಹೇಳುತ್ತಾನೆ, ಚಟಗಳಿಲ್ಲ, ಮಾತು ಮೆತ್ತಗೆ. ಅದೆಲ್ಲ ಸರಿ, ಅಂಥ ಹುಡುಗರು ಹುಡುಕಿದರೆ ಸಿಗುತ್ತಾರೆ. ಸಿಗದೆ ಇದ್ದದ್ದು ಒಂದೇ, ಮದುವೆಯಾದ ಮೇಲೂ ಹುಡುಗಿ ಸೈಕಲ್ ತುಳಿಯಲಿ ಅನ್ನುವ ಮನೆ. ಬಾಗಲಕೋಟೆಯಿಂದ ಬಂದರು, ಬಾದಾಮಿಯಿಂದ ಬಂದರು, ಶಿರೂರಿನಿಂದಲೂ ಬಂದರು. ಉಪ್ಪಿಟ್ಟು ತಿಂದರು, ಚಹಾ ಕುಡಿದರು, ಹುಡುಗಿಯ ಮುಖ ನೋಡಿದರು, ಗೋಡೆಗೆ ಒರಗಿದ್ದ ಸೈಕಲ್ಲನ್ನೂ ನೋಡಿದರು. ಆಮೇಲೆ ಹಿರಿಯರೊಬ್ಬರು ಗಂಟಲು ಸರಿಮಾಡಿಕೊಂಡು, ಲಗ್ನವಾದ ಮೇಲೂ ಈಕೆ ತುಂಡು ಚಡ್ಡಿ ಹಾಕಿಕೊಂಡು ಹೆದ್ದಾರಿ ಮೇಲೆ ಹೋಗುವವಳೇ ಏನು ಎಂದು ಕೇಳುವರು. ಅಲ್ಲಿಗೆ ಮಾತು ಮುಗಿಯಿತು. ಗಿರಣಿಗೆ ಹೋಗಿ ಹಿಟ್ಟು ಬೀಸಿಕೊಂಡು ಬರಲು ಸೈಕಲ್ ಆದೀತು ಎಂದು ಒಬ್ಬ ಮಹಾಶಯ ದೊಡ್ಡ ಮನಸ್ಸು ಮಾಡಿದ್ದ. ಅವನಿಗೂ ಗುರುಲಿಂಗವ್ವ ಚಹಾ ಕೊಟ್ಟೇ ಕಳಿಸಿದ್ದಳು.

ಗುರುಲಿಂಗವ್ವನೇನು ಹುಟ್ಟುತ್ತಲೇ ಗಟ್ಟಿಗಿತ್ತಿಯಲ್ಲ. ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಸೈಕಲ್ ಕಲಿಸುವ ಹಾಸ್ಟೆಲ್ಲಿಗೆ ಮಗಳು ಆಯ್ಕೆಯಾದಾಗ ಸೆರಗು ಬಾಯಿಗಿಟ್ಟುಕೊಂಡು ಅತ್ತವಳೇ. ಗಂಡ ಅಂದಾನಪ್ಪ ಒಪ್ಪಿ ಕಳಿಸಿದ್ದ. ಒಮ್ಮೆ ಮಗಳನ್ನು ನೋಡಲು ಹೋದವಳು ಬಾದಾಮಿ ರಸ್ತೆಯ ಬದಿಯ ಮೈಲುಗಲ್ಲಿನ ಮೇಲೆ ಕೂತಿದ್ದಳು. ಏರು ಇಳಿದು ಒಂದು ಹುಡುಗಿ ಬಗ್ಗಿಕೊಂಡು ಗಾಳಿಯ ಹಾಗೆ ಬಂದು ಹಾದುಹೋಯಿತು. ಅದು ತನ್ನ ಮಗಳೆಂದು ತಿಳಿಯುವಷ್ಟರಲ್ಲಿ ಬೆನ್ನಷ್ಟೇ ಕಂಡಿತು. ಆಗ ಗುರುಲಿಂಗವ್ವನಿಗೆ ಹೆಮ್ಮೆ ಬಂತು ಅನ್ನುತ್ತೀರೋ? ಇಲ್ಲ, ಹೊಟ್ಟೆಕಿಚ್ಚು ಬಂತು. ತಾನು ಹುಟ್ಟಿದಂದಿನಿಂದ ಎಲ್ಲಿಗೂ ಅಷ್ಟು ಜೋರಾಗಿ ಹೋಗಿಲ್ಲವಲ್ಲ ಅನಿಸಿತು. ಆವತ್ತಿನಿಂದ ಆಕೆ ಮಗಳ ಕಡೆಯವಳಾದಳು. ಮುಂದೆ ಅಂದಾನಪ್ಪ ತೀರಿಕೊಂಡು, ಇನ್ನು ಹುಡುಗಿಯನ್ನು ಮನೆಗೆ ಕರೆಸಿಕೊಳ್ಳಿ ಎಂದು ಬಂಧುಗಳು ಗಂಟುಬಿದ್ದಾಗ, ಹೋದವರು ಹೋದರು, ಇದ್ದವಳ ಕಾಲು ಕಟ್ಟಬೇಡಿ ಎಂದು ಎಲ್ಲರ ಬಾಯಿ ಮುಚ್ಚಿಸಿದ್ದಳು.

ಮಗ ಪ್ರವೀಣಕುಮಾರ ಗ್ರಾನೈಟ್ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್. ಕೆಟ್ಟವನಲ್ಲ. ಆದರೆ ತಂಗಿಯ ಮದುವೆಯಾಗದೆ ತನ್ನದಾಗುವಂತಿಲ್ಲ, ವಯಸ್ಸು ನಿಲ್ಲುವಂತಿಲ್ಲ. ಹುನಗುಂದದ ಮಾತು ಕೂಡಿಬಂದ ದಿನವೇ ಅವನು ತಾಯಿಗೆ ಹೇಳಿದ್ದ, "ಯವ್ವ, ಇದು ಕಡೀದ ನೋಡು. ಇದೂ ತಪ್ಪಿತಂದ್ರ ಆಮ್ಯಾಲೆ ಯಾರ ಮೊದಲ ಕೇಳ್ತಾರ ಅವರಿಗೆ ಕೊಡೂದು. ಸೈಕಲ್ ಗೀಕಲ್ ಅನ್ನಬ್ಯಾಡ." ಗುರುಲಿಂಗವ್ವ ಒಪ್ಪಿಕೊಂಡಿದ್ದಳು. ತಪ್ಪುವುದಿಲ್ಲ ಎಂಬ ಧೈರ್ಯದ ಮೇಲೆ ಒಪ್ಪಿಕೊಂಡಿದ್ದಳು.

ಇಷ್ಟು ತಿಳಿದುಕೊಂಡು ಈಗ ಟಿವಿ ಮುಂದೆ ಬನ್ನಿ.

ದೀಪ ಹಚ್ಚುವ ಹೊತ್ತು. ನೀಲಗಂಗವ್ವನಿಗೆ ಕುರ್ಚಿ, ಅನಿಲಕುಮಾರನಿಗೆ ಇನ್ನೊಂದು ಕುರ್ಚಿ, ಉಳಿದವರಿಗೆ ಚಾಪೆ. ಮುರ್ತುಜಸಾಬನ ಹೆಂಡತಿ ಕಾಸಿಂಬಿ ತನ್ನ ಮನೆಯ ಮಗ್ಗದ ಸೀರೆ ಟಿವಿಯಲ್ಲಿ ಬರುತ್ತದೆಂದು ಮಗ್ಗ ನಿಲ್ಲಿಸಿ ಬಂದು ಎಲ್ಲರಿಗಿಂತ ಮುಂದೆ ಕೂತಿದ್ದಳು. ಓಣಿಯ ನಾಲ್ಕಾರು ಹೆಂಗಸರು ಬಾಗಿಲಲ್ಲಿ ನಿಂತಿದ್ದರು. ತಟ್ಟೆಗಳಲ್ಲಿ ಚುರುಮುರಿ ಸೂಸಲ. ನೀಲಗಂಗವ್ವನ ಮಡಿಲಲ್ಲಿ ಫೋನು. ಅದು ಆಗಾಗ ಕೂಗುತ್ತಿತ್ತು. ಹುನಗುಂದದ ಯಾರೋ ಮೈದುನ, ಯಾರೋ ನೆಗೆಣ್ಣಿ, ಇನ್ನೂ ಬರಲಿಲ್ಲವಲ್ಲ ಎಂದು ಕೇಳುತ್ತಿದ್ದರು. ಇನ್ನೇನು ಬರ್ತಾಳ, ಟಿವಿ ಬಿಟ್ಟು ಏಳಬೇಡಿ ಎಂದು ನೀಲಗಂಗವ್ವ ಎಲ್ಲರಿಗೂ ಹೇಳುತ್ತಿದ್ದಳು.

ಟಿವಿಯಲ್ಲಿ ಮೊದಲು ದೀಪಗಳು ಕುಣಿದವು, ಆಮೇಲೆ ಆ ದೇಶದ ಮಕ್ಕಳು ಕುಣಿದರು. ಬಾಗಿಲಲ್ಲಿ ನಿಂತವರು ಅವರ ಟೊಪ್ಪಿಗೆಗಳನ್ನು ನೋಡಿ ಕಿಸಕ್ಕೆಂದರು. ದೊಡ್ಡ ಮನುಷ್ಯರು ಭಾಷಣ ಮಾಡಿದಾಗ ಕಾಸಿಂಬಿ, ಯಾವ ದೇಶಕ್ಕೆ ಹೋದರೂ ಭಾಷಣದವರು ಇವರೇ ನೋಡಕ್ಕಾ ಎಂದು ಸೂಸಲ ಬಾಯಿಗೆ ಹಾಕಿಕೊಂಡಳು. ನಡುನಡುವೆ ಗುಟ್ಕಾದಂಥದ್ದರ ಜಾಹೀರಾತು ಬರುತ್ತಿತ್ತು. ಪ್ರವೀಣಕುಮಾರನಿಗೆ ಬೀಗರ ಮುಂದೆ ಅದೇಕೋ ತನ್ನದೇ ತಪ್ಪೆಂಬಂತೆ ನಾಚಿಕೆಯಾಗಿ ಪ್ರತಿಸಲವೂ ದನಿ ಸಣ್ಣದು ಮಾಡುತ್ತಿದ್ದ.

ಕಡೆಗೂ ಆಟಗಾರರು ಬಂದರು. ಮೊದಲ ದಿನದ ಹಾಗೆ ದೇಶಕ್ಕೊಂದು ಸಾಲು, ಮುಂದೊಂದು ಬಾವುಟ, ಅಂಥದ್ದೇನಿಲ್ಲ. ಕಡೇ ದಿನ ಎಲ್ಲರೂ ಕಲಸಿಹೋಗಿರುತ್ತಾರೆ. ಸೋತವರು ಗೆದ್ದವರ ಹೆಗಲ ಮೇಲೆ, ಕರಿಯರ ಟೊಪ್ಪಿಗೆ ಬಿಳಿಯರ ತಲೆಯಲ್ಲಿ. ಒಬ್ಬರ ಅಂಗಿ ಇನ್ನೊಬ್ಬರು ಹಾಕಿಕೊಂಡು ಕುಣಿಯುತ್ತಿದ್ದರು. ನೀಲಗಂಗವ್ವ ಮುಂದಕ್ಕೆ ಬಾಗಿ ಕಣ್ಣು ಕಿರಿದು ಮಾಡಿ ಹಸಿರು ಹುಡುಕತೊಡಗಿದಳು. ಗುರುಲಿಂಗವ್ವ ಮಾತ್ರ ಸೀರೆ ಹುಡುಕಲಿಲ್ಲ, ಮಗಳ ನಡಿಗೆ ಹುಡುಕಿದಳು. ರಸ್ತೆಯ ಓಟದಲ್ಲಿ ಬಿದ್ದು ಮೊಣಕಾಲು ತರಚಿಸಿಕೊಂಡೆ, ಆದರೂ ಮುಗಿಸಿದೆ ಎಂದು ಮಗಳು ಫೋನಿನಲ್ಲಿ ಹೇಳಿದ್ದಳು. ಕುಂಟುತ್ತಿದ್ದಾಳೋ ಏನೋ ಎಂಬುದೇ ತಾಯಿಗೆ ಚಿಂತೆ.

ಮೊದಲು ಕಂಡದ್ದು ಕಾಸಿಂಬಿಗೆ. "ಯಕ್ಕಾ, ನಮ್ಮ ಸೀರಿ" ಎಂದು ಚಪ್ಪಾಳೆ ತಟ್ಟಿ ಅರ್ಧ ಎದ್ದೇಬಿಟ್ಟಳು. "ಅಗೋ, ನಮ್ಮ ಮಗ್ಗದ ಸೀರಿ ನೋಡ್ರಿ."

ಹೌದು, ಅದೇ ಸೀರೆ. ಅದೇ ಎಳೆ ಹಸಿರು, ಅದೇ ತೆನೆಯ ಸೆರಗು, ಇಡೀ ಟಿವಿ ತುಂಬ. ಉಟ್ಟವಳು ಮಾತ್ರ ಯಾರೋ. ಅಗಲ ಮುಖ, ಸಣ್ಣ ಕಣ್ಣು, ಕೆಂಪು ಗಲ್ಲದ ಒಬ್ಬ ಹುಡುಗಿ ಪ್ಯಾಂಟಿನ ಮೇಲೆಯೇ ಸೀರೆ ಸುತ್ತಿಕೊಂಡು ನಗುತ್ತಿದ್ದಳು. ಅವಳ ಹೆಗಲ ಮೇಲೆ ಕೈಹಾಕಿ, ಅವಳ ದೇಶದ ನೀಲಿ ಅಂಗಿಯನ್ನು ತನ್ನ ಕೋಟಿನ ಮೇಲೇ ತೊಟ್ಟು ಕುಣಿಯುತ್ತಿದ್ದವಳು ಶಿವಗಂಗಾ. ಕ್ಯಾಮರಾದವನಿಗೆ ಅದೇನು ಚೆಂದ ಕಂಡಿತೋ, ಬೇರೆಯವರನ್ನೆಲ್ಲ ಚಕಚಕ ದಾಟಿಸಿದವನು ಇವರಿಬ್ಬರ ಮೇಲೆ ನಿಂತುಬಿಟ್ಟ. ನಿಲ್ಲಬೇಡವೋ ಮಾರಾಯ, ಮುಂದೆ ಹೋಗು ಎಂದು ಗುರುಲಿಂಗವ್ವನ ಜೀವ ಹೊಡೆದುಕೊಂಡಿತು. ಸೀರೆಯ ಅಂಚನ್ನು, ಸೆರಗನ್ನು, ಕಡೆಗೆ ಆ ಹುಡುಗಿಯ ಸೊಂಟದಲ್ಲಿ ಗಂಟು ಕಟ್ಟಿ ಸಿಕ್ಕಿಸಿದ ಸೆರಗಿನ ಉಬ್ಬನ್ನೂ ಅವನು ಲೋಕಕ್ಕೆಲ್ಲ ತೋರಿಸಿದ.

ಆ ಉಬ್ಬು ಕಂಡದ್ದೇ ತಡ ಗುರುಲಿಂಗವ್ವನಿಗೆ ಎಲ್ಲ ತಿಳಿಯಿತು. ಮೊದಲ ಸಲ ಮನೆಗೆ ಬಂದ ಹೆಣ್ಣನ್ನು ಬರಿ ಉಡಿಯಲ್ಲಿ ಕಳಿಸಬಾರದು, ಸೀರೆಯೋ ಖಣವೋ ಕೊಟ್ಟು ಸೆರಗಿಗೆ ಅಕ್ಕಿ ಕಾಯಿ ಹಾಕಿ ಉಡಿ ತುಂಬಿ ಕಳಿಸಬೇಕು ಎಂದು ಮಗಳಿಗೆ ಎಳವೆಯಲ್ಲೇ ಕಲಿಸಿದವಳು ತಾನೇ. ನಿಶ್ಚಯದ ಸೀರೆಯ ಕಟ್ಟಳೆ ಕಲಿಸುವ ವಯಸ್ಸಿಗೆ ಅವಳು ಮನೆಯಲ್ಲಿರಲಿಲ್ಲ, ಹಾಸ್ಟೆಲ್ಲಿನಲ್ಲಿದ್ದಳು. ಯಾರು ಹೇಳಬೇಕಿತ್ತು? ತಾನೇ ಹೇಳಬೇಕಿತ್ತು. ಹೇಳುವುದೇನಿದೆ, ಇದು ಯಾರಿಗೆ ಗೊತ್ತಿಲ್ಲ ಎಂದುಕೊಂಡಿದ್ದಳು.

ಕಾಸಿಂಬಿಗೆ ತಾನೇನು ಮಾಡಿದೆ ಎಂಬುದು ಆಗಷ್ಟೇ ಹೊಳೆದು, ಅಂಥ ಸೀರೆ ಊರ ತುಂಬ ಇವೆ, ಟಿವಿಯಲ್ಲಿ ಬಣ್ಣ ಬೇರೆಯೇ ಕಾಣುತ್ತದೆ ಎಂದು ಏನೇನೋ ತೊದಲಿದಳು. ಒಂದೇ ಒಂದು ನೇಯ್ದಿದ್ದೇನೆ, ಇನ್ನೊಂದು ಹುಟ್ಟುವುದಿಲ್ಲ ಎಂದು ಅವಳ ಗಂಡನೇ ನೀಲಗಂಗವ್ವನಿಗೆ ಮಾತು ಕೊಟ್ಟಿದ್ದ. ಪಾಪ, ಯಾರೂ ಅವಳ ಕಡೆ ನೋಡಲಿಲ್ಲ.

"ಉಡಿ ತುಂಬ್ಯಾಳ್ರಿ ಅಕ್ಕಾರ" ಎಂದು ಗುರುಲಿಂಗವ್ವ ಕುರ್ಚಿಯ ಹತ್ತಿರ ಸರಿದು ಹೇಳಿದಳು. "ಆ ಹುಡುಗಿ ಸೆರಗಿನ್ಯಾಗ ಅಕ್ಕಿ ಐತಿ, ನೀವೂ ನೋಡಿದ್ರಿ. ಬರಿ ಉಡಿಲೆ ಕಳಸಬಾರದಂತ ಕೊಟ್ಟಾಳ. ತಿಳಿದ ಮಾಡಿದ್ದಲ್ಲರಿ."

ನೀಲಗಂಗವ್ವ ಟಿವಿಯಿಂದ ಕಣ್ಣು ತೆಗೆಯಲಿಲ್ಲ. ಅಲ್ಲಿ ಆಗಲೇ ಬೇರೆ ಯಾರೋ ಕುಣಿಯುತ್ತಿದ್ದರು. "ಉಡಿ ತುಂಬಾಕ ನಮ್ಮ ಸೀರೀನ ಬೇಕಾಗಿತ್ತೇನ್ರಿ?" ಎಂದಳು. "ನನ್ನ ಮಗನ್ನ ಒಯ್ದು ಯಾರದೋ ಉಡಿಗೆ ಹಾಕಿದಂಗಾತು."

ಅಷ್ಟರಲ್ಲಿ ಮಡಿಲಲ್ಲಿದ್ದ ಫೋನು ಕೂಗಿತು. ಎತ್ತಲಿಲ್ಲ. ನಿಂತು ಮತ್ತೆ ಕೂಗಿತು. ಏಳಬೇಡಿ, ನೋಡಿ ಎಂದು ಯಾರಿಗೆಲ್ಲ ಹೇಳಿದ್ದಳೋ ಅವರೆಲ್ಲ ನೋಡಿದ್ದರು. ಒಬ್ಬರಾದ ಮೇಲೆ ಒಬ್ಬರು ಕರೆಯುತ್ತಲೇ ಇದ್ದರು. ನೀಲಗಂಗವ್ವ ಫೋನನ್ನು ಬೋರಲು ಹಾಕಿ ಅದರ ಮೇಲೆ ಅಂಗೈ ಒತ್ತಿ ಹಿಡಿದಳು. ಸಿಟ್ಟಿನ ಹೆಂಗಸು ಅಂದುಕೊಳ್ಳಬೇಡಿ, ಅವಳ ಕಣ್ಣಲ್ಲಿ ನೀರಿತ್ತು. ಚಡ್ಡಿ ಹಾಕುವ ಹುಡುಗಿ ನಮ್ಮ ಮನೆಗೆ ಬೇಡ ಎಂದ ಮೈದುನರ ಎದುರು ಒಬ್ಬಳೇ ನಿಂತು ಜಗಳಾಡಿ, ಆಕೆಯೂ ನಿಮ್ಮ ಹೆಂಡಿರ ಹಾಗೇ ಸೀರೆ ಉಡುವ ಹುಡುಗಿ, ಕಡೇ ದಿನ ತೋರಿಸುತ್ತೇನೆ ಎಂದು ಪಂಥ ಕಟ್ಟಿದವಳು ಆಕೆ. ಗುರುಲಿಂಗವ್ವನ ಹಾಗೆಯೇ ಆಕೆಯೂ ಶಿವಗಂಗಾಳಿಗಾಗಿ ಹೋರಾಡಿದವಳೇ. ಇವರಿಬ್ಬರನ್ನು ಬಿಟ್ಟರೆ ಆ ಹುಡುಗಿಗೆ ಈ ಸೀಮೆಯಲ್ಲಿ ಯಾರಿದ್ದರು?

"ಇನ್ನ ಯಾವ ಮುಖ ಇಟ್ಕೊಂಡು ಅವರ ಮುಂದ ಮಾತಾಡ್ಲಿ, ನೀವ ಹೇಳ್ರಿ" ಎಂದಳು.

ಆ ಮುಖವನ್ನು ಗುರುಲಿಂಗವ್ವ ಬಲ್ಲಳು. ತನ್ನ ಮಗನ ನಿಶ್ಚಯದಲ್ಲಿ ಹೀಗಾಗಿದ್ದರೆ ತಾನೂ ಇದೇ ಮಾತು ಆಡುತ್ತಿದ್ದಳು. ಬೇರೆ ಸೀರೆ ನೇಯಿಸೋಣ, ಮಠಕ್ಕೆ ಹೋಗಿ ಸ್ವಾಮಿಗಳನ್ನು ಕೇಳೋಣ, ಹುಡುಗಿ ಬಂದು ನಿಮ್ಮ ಕಾಲಿಗೆ ಬೀಳುತ್ತಾಳೆ ಎಂದು ಸುಮ್ಮನೆ ಹೇಳುತ್ತ ಹೋದಳು. ಹೇಳುವಾಗಲೇ ಅವಳಿಗೆ ಅದರಲ್ಲಿ ನಂಬಿಕೆಯಿರಲಿಲ್ಲ. ಕೇಳುವವಳಿಗೂ ಇರಲಿಲ್ಲ.

ನೀಲಗಂಗವ್ವ ಎದ್ದಳು. ಚಹಾ ಕುದಿಯುತ್ತಿದೆ ಎಂದರೂ ನಿಲ್ಲಲಿಲ್ಲ, ಒಂದು ಗುಟುಕು ನೀರಾದರೂ ಕುಡಿಯಿರಿ ಎಂದರೆ ಬೇಡವೆಂದು ತಲೆಯಾಡಿಸಿದಳು. ನೀರು ಸಹ ಮುಟ್ಟದೆ ಬೀಗರು ಹೊಸ್ತಿಲು ದಾಟಿದರೆ ಅದರ ಅರ್ಥ ಏನೆಂದು ಬಾಗಿಲಲ್ಲಿ ನಿಂತ ಹೆಂಗಸರಿಗೆ ಗೊತ್ತಿತ್ತು. ಅವರು ಎರಡು ಕಡೆ ಸರಿದು ದಾರಿ ಬಿಟ್ಟರು. ಇಷ್ಟು ಹೊತ್ತೂ ತನ್ನ ಬೆರಳು ತಾನೇ ನೋಡುತ್ತ ಕೂತಿದ್ದ ಅನಿಲಕುಮಾರ ಚಪ್ಪಲಿ ಮೆಟ್ಟುತ್ತ ಒಂದು ಗಳಿಗೆ ಹಿಂದುಳಿದ. ಗುರುಲಿಂಗವ್ವನ ಎದೆಯಲ್ಲಿ ಆಸೆ ಎದ್ದಿತು. ಗಂಡಸಾಗಿ ಒಂದು ಮಾತು ಆಡಿಯಾನು, ಸೀರೆಯದೇನು ದೊಡ್ಡದು ಅಂದಾನು ಎಂದು ಅವನ ಬಾಯನ್ನೇ ನೋಡಿದಳು.

"ಅವಳಿಗೆ ಬೈಬ್ಯಾಡ್ರಿ" ಎಂದ ಅವನು, ಮೆಲ್ಲಗೆ, ತಾಯಿಗೆ ಕೇಳಿಸದ ಹಾಗೆ. ಆಮೇಲೆ ತಾಯಿಯ ಹಿಂದೆ ನಡೆದ.

ಒಳ್ಳೆಯ ಹುಡುಗ. ಒಳ್ಳೆಯವನಾಗಿದ್ದಕ್ಕೇ ಗುರುಲಿಂಗವ್ವನಿಗೆ ಅವನ ಮೇಲೆ ಉರಿಯಿತು.

ಓಣಿಯ ಹೆಂಗಸರು ಕರಗಿದರು. ಕಾಸಿಂಬಿ ಗೋಡೆ ಹಿಡಿದು ನಿಂತು ಅತ್ತಳು, ತನ್ನ ನಾಲಿಗೆ ಸುಟ್ಟುಹೋಗಲಿ ಎಂದಳು. ನೀನು ಹೇಳದಿದ್ದರೆ ಅವರಿಗೇನು ಕಣ್ಣಿರಲಿಲ್ಲವೇ ಎಂದು ಅವಳನ್ನು ಗುರುಲಿಂಗವ್ವನೇ ಸಮಾಧಾನ ಮಾಡಿ ಕಳಿಸಬೇಕಾಯಿತು. ಟಿವಿಯಲ್ಲಿ ದೊಡ್ಡ ದೀಪ ಆರಿಸುತ್ತಿದ್ದರು. ಹಿಂದಿಯಲ್ಲಿ ವಿವರಣೆ ಹೇಳುವವನು ಅದೇನೋ ಪ್ರೀತಿ, ಬಾಂಧವ್ಯ ಎಂದು ಗದ್ಗದನಾಗಿದ್ದ. ಪ್ರವೀಣಕುಮಾರ ಅವನ ಬಾಯಿ ಮುಚ್ಚಿಸಿದ.

ಅವನು ಕೂಗಾಡಿದ್ದರೆ ಚೆನ್ನಾಗಿತ್ತು. ಕೂಗಾಡುವ ಮಗನನ್ನು ಹೇಗೆ ಸಂಭಾಳಿಸಬೇಕೆಂದು ಗುರುಲಿಂಗವ್ವನಿಗೆ ಗೊತ್ತು. ಅವನು ತಟ್ಟೆಗಳನ್ನೆಲ್ಲ ಒಂದರ ಮೇಲೊಂದು ಜೋಡಿಸಿ ಒಳಗಿಟ್ಟು ಬಂದ. ಕುರ್ಚಿಗಳನ್ನು ಎತ್ತಿಟ್ಟ. ಆಮೇಲೆ, ನಾನು ಹೇಳಿದ್ದು ನೆನಪಿದೆಯಲ್ಲ ಎಂದು ಕೇಳಿದ. ಗುರುಲಿಂಗವ್ವ ಚಾಪೆ ಸುತ್ತತೊಡಗಿದಳು. ಕೊಟ್ಟ ಮಾತು ಕೊಟ್ಟದ್ದೇ. ಅವನು ಫೋನು ತೆಗೆದುಕೊಂಡು ಅಂಗಳಕ್ಕೆ ಇಳಿದ.

ಗುರುಲಿಂಗವ್ವನ ಫೋನು ಆಗಲೇ ಕೂಗಿತು. ಮಗಳು. ಆ ಕಡೆ ವಾದ್ಯದ ಗದ್ದಲ, ಜನರ ಕೂಗು. ಮಗಳು ಏದುಸಿರು ಬಿಡುತ್ತಿದ್ದಳು, ಕುಣಿದು ಬಂದದ್ದು ದನಿಯಲ್ಲೇ ತಿಳಿಯುತ್ತಿತ್ತು.

"ಯವ್ವಾ, ನೋಡಿದ್ರೇನು? ನಮ್ಮಿಬ್ಬರನ್ನ ಭಾಳ ಹೊತ್ತು ತೋರಿಸಿದ್ರಂತ, ಇಲ್ಲಿ ಎಲ್ಲಾರೂ ಹೇಳಾಕತ್ತಾರ."

ಗುರುಲಿಂಗವ್ವ ಬಾಯಿ ತೆರೆಯುವ ಮೊದಲೇ ಮಗಳು ಎಲ್ಲ ಹೇಳಿಬಿಟ್ಟಳು. ಆ ಹುಡುಗಿ ಮಂಗೋಲಿಯಾದವಳಂತೆ. ಓಟದ ದಿನ ತಿರುವಿನಲ್ಲಿ ಶಿವಗಂಗಾ ಬಿದ್ದಾಗ ಉಳಿದವರೆಲ್ಲ ದಾಟಿ ಹೋದರಂತೆ, ಇವಳೊಬ್ಬಳು ಇಳಿದು ಕೈಹಿಡಿದು ಎಬ್ಬಿಸಿ, ಕಳಚಿದ ಚೈನು ಕೂಡಿಸಿ ಕೊಟ್ಟಳಂತೆ. ಇಬ್ಬರೂ ಒಟ್ಟಿಗೆ ಕಡೆಯವರಾಗಿ ಗುರಿ ಮುಟ್ಟಿದರಂತೆ. ಅವಳಿಗೆ ತಾಯಿಯಿಲ್ಲವಂತೆ. "ಇವತ್ತ ಮುಂಜಾನೆ ಮೊದಲ ಸಲ ನನ್ನ ಖೋಲಿಗೆ ಬಂದಿದ್ಲು ಯವ್ವಾ. ಬರಿ ಉಡಿಲೆ ಹೆಂಗ ಕಳಸ್ಲಿ? ಅತ್ತಿಯಾರು ಕೊಟ್ಟ ಸೀರಿ ಬಿಟ್ರ ನನ್ನ ಹತ್ರ ಕೊಡುವಂಥಾದ್ದು ಏನಿತ್ತು? ಊಟದ ಮನಿಯಾಗ ಕೇಳಿ ಅಕ್ಕಿ ಇಸ್ಕೊಂಡ್ನಿ. ಕಾಯಿ ಸಿಗಲಿಲ್ಲ, ಬಾಳಿಹಣ್ಣ ಇಟ್ನಿ. ನಡೀತೈತಲ್ಲ?"

"ನಡೀತೈತವ್ವ" ಎಂದಳು ಗುರುಲಿಂಗವ್ವ.

"ನಮಗ ಸೀರಿ ಉಡಾಕ ಬಿಡಲಿಲ್ಲ ನೋಡು. ಆಕಿ ಉಟ್ಟಿದ್ದಕ್ಕ ಆ ಸೀರಿ ಜಗತ್ತೆಲ್ಲಾ ನೋಡ್ತು. ಅತ್ತಿಯಾರು ಬಂದಾರಲ್ಲ, ಏನಂದ್ರು? ಖುಷಿ ಆದ್ರೇನು?"

ಖರೆ ಹೇಳಿದರೆ ಆ ಗದ್ದಲದ ನಡುವೆ, ಆ ದೂರದಲ್ಲಿ, ಮಗಳು ಒಬ್ಬಳೇ ನಿಂತು ಅಳಬೇಕು. ಊರಿಗೆ ಬಂದ ಮೇಲೆ ಅಳುವುದು ಇದ್ದೇ ಇದೆ.

"ಕರೆಂಟ್ ಹೋಗಿತ್ತವ್ವ" ಎಂದಳು. "ಯಾರೂ ನೋಡ್ಲಿಲ್ಲ."

"ಯಾರೂ?"

"ಯಾರೂ ನೋಡ್ಲಿಲ್ಲ."

ಅಂಗಳದಲ್ಲಿ ಪ್ರವೀಣಕುಮಾರ ಗುಡೂರಿನ ಸೋದರಮಾವ ಕಾಳಪ್ಪನೊಂದಿಗೆ ಮಾತಾಡುತ್ತಿದ್ದ. ಹೌದು ಮಾವ, ಸೈಕಲ್ ಬಿಡಿಸಿಬಿಟ್ಟಿದ್ದೇವೆ, ಇನ್ನು ಆ ಮಾತೇ ಇಲ್ಲ, ಗುರುವಾರ ಆ ಗಂಡಿನ ಕಡೆಯವರನ್ನು ಕರೆದುಕೊಂಡು ಬನ್ನಿ ಎನ್ನುತ್ತಿದ್ದ. ಒಂದೊಂದು ಮಾತೂ ಗುರುಲಿಂಗವ್ವನಿಗೆ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಅವಳು ಫೋನನ್ನು ಕಿವಿಗೆ ಇನ್ನೂ ಬಿಗಿಯಾಗಿ ಒತ್ತಿಕೊಂಡಳು.

"ಹೋಗ್ಲಿ ಬಿಡು ಯವ್ವಾ" ಎಂದಳು ಮಗಳು, ನಗುತ್ತಲೇ. "ನಾಲ್ಕ ವರ್ಷಕ್ಕ ಮತ್ತ ಬರ್ತೇನಿ, ಆವಾಗ ನೋಡೀರಂತ. ಮುಂದಿನ ಸಲ ನಾ ಕಡೀಗೆ ಬರೂದಿಲ್ಲ. ನನ್ನ ಆಣಿ, ನೋಡ್ತಿರು."

"ಹೂಂ" ಎಂದಳು ಗುರುಲಿಂಗವ್ವ.